ಚಮೇಲಿಯ ಕೂದಲು ಉದುರಿತು

ಕಾಕಾ,

ಚಮೇಲಿಯನ್ನು ಕೊಡಬೇಡ. ಸುಲೇಪೇಟದ ಕುದುರೆ ವ್ಯಾಪಾರಿ ಮಧ್ಯಾಹ್ನ ಬಂದರೆ ಚಹಾ ಕುಡಿಸಿ ಕಳಿಸಿಬಿಡು. ನೀನು ಮೇವು ತರುವಷ್ಟರಲ್ಲಿ ನನ್ನ ರೈಲು ಹೊರಟಿರುತ್ತದೆ, ಅದಕ್ಕೇ ಬರೆದಿಟ್ಟೆ.

ಬಾಗಿಲ ಬಳಿ ಬುಟ್ಟಿಯಲ್ಲಿರುವುದು ಅವಳದೇ ಕೂದಲು. ಬೆಳಿಗ್ಗೆ ಕಬ್ಬಿಣದ ಹಲ್ಲಿನ ಖರಾರಾ ಹಿಡಿದು ಮೈ ಉಜ್ಜಿದೆ. ಚಳಿಗಾಲದ ಕೂದಲು ಹಿಡಿಹಿಡಿಯಾಗಿ ಬಂತು. "ಶಿವರಾತ್ರಿ ದಾಟಿದ್ರೂ ಕೂದಲಾ ಉದುರಿಲ್ಲ, ಕರಡಿ ಆಗ್ಯಾಳ. ಹೊಟ್ಟ್ಯಾಗಿನ ರೋಗ ಹೋಗಿಲ್ಲ, ಇನ್ನ ಟಾಂಗಾಕ್ಕ ಬರಂಗಿಲ್ಲ ಬಿಡು" ಅಂತ ನೀನೇ ಅಂದಿದ್ದೆಯಲ್ಲ. ಈಗ ಹೋಗಿ ನೋಡು. ಕೆಳಗಿನ ಹೊಸ ಕೂದಲು ತುಪ್ಪ ಸವರಿದಂತೆ ಮಿಂಚುತ್ತಿದೆ. ನಾನು ಸೀನಿ ಸೀನಿ ಸಾಕಾದೆ. ಅವಳು ಮಾತ್ರ ಕಣ್ಣು ಮುಚ್ಚಿ ನನ್ನ ಮೇಲೇ ಒರಗಿ ನಿಂತಳು.

ಖುಷಿಯಲ್ಲಿ ಸಾಬೂನು ಹಚ್ಚಿ ತೊಳೆಯಬೇಡ, ನಿನಗೆ ಆ ಚಟವಿದೆ. ಬಯಲಲ್ಲಿ ನಿಲ್ಲುವ ಕುದುರೆ. ಮೈಯ ಜಿಡ್ಡು ಹೋದರೆ ನಸುಕಿನ ಚಳಿ ನೇರ ಎಲುಬಿಗೆ ಇಳಿಯುತ್ತದೆ. ಉಳಿದ ಕೂದಲನ್ನು ಒಣಹುಲ್ಲಿನ ಹಿಡಿಯಿಂದ ತಿಕ್ಕು. ಹೊಟ್ಟೆಯ ಕೆಳಗೆ ಮೆಲ್ಲಗೆ, ಅವಳಿಗೆ ಕಚಗುಳಿಯಾಗುತ್ತದೆ. "ನನಗ ಕಲಸ್ತಿ ಏನಲೇ, ಕಾದಂಬರಿ ಓದಿಕೋತ ಕುಂದ್ರಾಂವ!" ಅಂತ ಬೈಯುತ್ತೀ. ಬೈದುಕೊಂಡೇ ತಿಕ್ಕು.

ಪರೀಕ್ಷೆ ಮುಗಿಸಿ ಇವತ್ತೇ ಸಂಜೆಯ ಗಾಡಿಗೆ ಶಹಾಬಾದದಲ್ಲಿ ಇಳಿಯುತ್ತೇನೆ. ಟಾಂಗಾ ಹೂಡಬೇಡ, ಇನ್ನೂ ಹದಿನೈದು ದಿನ ಕಳೆಯಲಿ. ಬರೀ ಹಗ್ಗ ಹಿಡಿದು ಅವಳನ್ನು ಸ್ಟೇಷನ್ನಿಗೆ ನಡೆಸಿಕೊಂಡು ಬಾ. ಟಾಂಗಾದವರೆಲ್ಲ ಅಲ್ಲೇ ಇರುತ್ತಾರೆ, ಕಣ್ತುಂಬ ನೋಡಲಿ. ಆಮೇಲೆ ಮೂವರೂ ನಡೆದೇ ಮನೆಗೆ ಬರೋಣ.

ಭೋಜು