ಅವ್ವನ ಬೆನ್ನ ಹಿಂದಿನ ಸ್ಪೀಕರ್

ಕೊಳ್ಳೇಗಾಲ, ಭಾನುವಾರ

ತಂಗಿ ಜಪಮಾಲೆಗೆ,

ನೀನು ಫೋನ್ ತೆಗೆಯುವುದಿಲ್ಲ, ಅದಕ್ಕೇ ಈ ಕಾಗದ.

ಸೊಂಟ ಮುರಿದ ಮೇಲೆ ಅವ್ವ ಚರ್ಚಿಗೆ ಹೋಗಲಾರಳು. ಅಲ್ಲಿನ ಹಾಡುಗಳನ್ನು ಮನೆಯಲ್ಲೇ ಕೇಳಲೆಂದು ಕಂಪ್ಯೂಟರಿನಲ್ಲಿ ಆರ್ಗನ್ ವಾದ್ಯದ ದನಿ ಜೋಡಿಸಿದೆ. ಅವಳ ಮಂಚದ ಹಿಂದೆ ಎರಡು ಸ್ಪೀಕರ್ ಇಟ್ಟು, ದೊಡ್ಡ ಕಲ್ಲಿನ ಚರ್ಚಿನಂತೆ ದನಿ ಮೊಳಗಲು ರಿವರ್ಬ್ ಹಾಕಿದೆ. "ಬಾವಿಯೊಳಕ್ಕೆ ಬಿದ್ದಂಗಾಯ್ತದೆ, ಆರ್ಸ್ಲಾ ಅದ" ಎಂದಳು. ನಮ್ಮ ಚರ್ಚಿಗಿರುವುದು ತಗಡಿನ ಚಾವಣಿ, ಅಲ್ಲೆಲ್ಲಿತ್ತು ಮೊಳಗು? ನನ್ನ ಬುದ್ಧಿಗಿಷ್ಟು! ರಿವರ್ಬ್ ಪೂರ್ತಿ ತೆಗೆದೆ. ಆಮೇಲೆ ಮೂರು ವಾರ ಆ ಸ್ಪೀಕರುಗಳನ್ನು ಗೋಡೆಗೆ, ಬೀರುವಿನ ಮೇಲಕ್ಕೆ, ಮಂಚದ ಕೆಳಕ್ಕೆ ಹೊತ್ತಾಡಿದೆ. "ಹಿಂದ್ಗಡೆ ಸರಿಯಾಗ್ನಿಲ್ಲ ಕಣ್ಲಾ" ಎನ್ನುವುದೊಂದೇ ಮಾತು.

ಇವತ್ತು ರೇಗಿಹೋಗಿ, "ಇನ್ನೇನು ಬೇಕವ್ವ ಹಿಂದ್ಗಡೆ?" ಎಂದು ಕೂಗಿಬಿಟ್ಟೆ.

"ನನ್ ಬೆನ್ನಿಂದೆ ಕುಂತು ಹಾಡೋಳು ಒಬ್ಬಳಿದ್ಲಲ್ಲ, ಯಾವಾಗ್ಲೂ ಎಲ್ಲಾರ್ಗಿಂತ ಒಂದು ಸಾಲು ತಡ. ಅವಳಿಲ್ದೆ ಅದೆಂಥ ಚರ್ಚ್ಲಾ?"

ನಿನ್ನ ಹೆಸರನ್ನು ಅವ್ವ ಇನ್ನೂ ಎತ್ತುವುದಿಲ್ಲ. ನಿನ್ನ ಮದುವೆಯ ಜಗಳ ನಿಮ್ಮಿಬ್ಬರಿಗೇ ಇರಲಿ, ನನಗೆ ಸಾಕಾಗಿದೆ. ನೀನಿರುವ ಯಳಂದೂರಿನಿಂದ ಇಲ್ಲಿಗೆ ಬಸ್ಸಿಗೆ ಅರ್ಧ ಗಂಟೆ. ಫೋನಿನಲ್ಲಿ ಹಾಡಿ ಕಳಿಸಬೇಡ. ಹಿಂದಿನ ಸ್ಪೀಕರ್ ಎರಡನ್ನೂ ಬಿಚ್ಚಿ, ಆ ಜಾಗಕ್ಕೆ ಒಂದು ಕುರ್ಚಿ ಹಾಕಿದ್ದೇನೆ.

ನಿನ್ನಣ್ಣ,
ಚಿನ್ನಪ್ಪ