ಗೇರ್ ಬಾಕ್ಸಿಗೆ ಕಬ್ಬಿನ ರಸ ಕುಡಿಸಿದವರು ಯಾರು?

ನೈರೋಬಿಯ ಸರ್ಕಾರಿ ಗ್ರಾಹಕ ದೂರು ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನಗೆ ಮದುವೆಯಾಯಿತು. ಇದನ್ನು ಮೊದಲು ಹೇಳದೆ ಬೇರೇನನ್ನೂ ಹೇಳುವುದು ನನ್ನಿಂದಾಗದು, ಕ್ಷಮಿಸಿ. ಮದುವೆಯಾಗಿ ಇವತ್ತಿಗೆ ಐವತ್ತಮೂರು ದಿನ, ವೋಯಿ ಪೇಟೆಯ ತರಕಾರಿಯವಳಿಗೆ ಇನ್ನೂ ದಿನಾ ಹೇಳುತ್ತಿದ್ದೇನೆ. ಗಂಡನ ಹೆಸರು ಕ್ರಿಸ್ಪಿನ್ ಮ್ವಾದಿಮೆ. ವುಂಡಾನ್ಯಿ ಬೆಟ್ಟದ ಮೇಲಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು, ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ಈ ವಿವರ ನಿಮ್ಮ ಕಡತಕ್ಕೆ ಬೇಕಿಲ್ಲ, ಗೊತ್ತು. ಆದರೆ ನಮ್ಮ ಮನೆಯ ಇನ್ನೊಬ್ಬರ ಬಗ್ಗೆ ನಿಮ್ಮ ಕಡತದಲ್ಲಿ ಒಂದು ಸಾಲು ಇದೆ. ಆ ಸಾಲು ಸುಳ್ಳು, ಅದರ ಕೆಳಗೆ ನಿಮ್ಮ ಮುದ್ರೆ ಇದೆ, ಆ ಮುದ್ರೆಯಿಂದಾಗಿ ಎಂಬತ್ತೊಂದು ವರ್ಷದ ಒಬ್ಬ ಮುದುಕ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ನನ್ನ ದೂರು ಇಷ್ಟೇ. ಇಷ್ಟನ್ನು ಮೂರು ಸಲ ನಿಮಗೆ ಖಾಸಗಿಯಾಗಿ ಬರೆದೆ. ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಕೆಲಸ ಕೆಳಗೆ ವೋಯಿಯ ಔಷಧಿ ಅಂಗಡಿಯಲ್ಲಿ, ಅವನ ಕೆಲಸ ಬೆಟ್ಟದ ಮೇಲೆ. ನಡುವೆ ಇರುವ ತಿರುವುಗಳನ್ನು ದಿನಾ ಎರಡು ಸಲ ಹತ್ತಿಳಿಯುವ ಒಂದು ಕಾರಿದ್ದರೆ ನಾವು ಒಂದೇ ಮನೆಯಲ್ಲಿ ಇರಬಹುದು, ಇಲ್ಲವಾದರೆ ಶನಿವಾರದ ದಂಪತಿ. ಹಾಗಾಗಿ ಮದುವೆ ಖರ್ಚಿಗೆ ಚಂದಾ ಎತ್ತುವ ನೆಂಟರಿಷ್ಟರು, ಅಂದರೆ ನಮ್ಮ ಮದುವೆ ಸಮಿತಿಯವರು, ಶಾಮಿಯಾನ ಚಿಕ್ಕದು ಮಾಡಿ, ಕೇಕಿನ ಮೂರು ಅಂತಸ್ತಿನಲ್ಲಿ ಎರಡನ್ನು ತೆಗೆದುಹಾಕಿ, ಚಂದಾ ಹಣದಲ್ಲಿ ಕಾರು ಕೊಡಿಸುವುದೆಂದು ತೀರ್ಮಾನಿಸಿದರು. ಜಪಾನಿನಲ್ಲಿ ಏಳು ವರ್ಷ ಓಡಿ, ಹಡಗಿನಲ್ಲಿ ಮೊಂಬಾಸಾಕ್ಕೆ ಬಂದಿಳಿದ ಬಿಳಿ ಕಾರು. ಮೀಟರಿನಲ್ಲಿ ಎಪ್ಪತ್ತೊಂದು ಸಾವಿರ ಕಿಲೋಮೀಟರು. ಮಾರುವ ಅಂಗಳದ ಟೈ ಕಟ್ಟಿದ ಯುವಕ ಬೀಗದ ಕೈ ಕೊಡುವ ಮೊದಲು ಇನ್ನೊಂದು ಕಾಗದ ಮುಂದಿಟ್ಟ. ಅರವತ್ತು ಸಾವಿರ ಶಿಲಿಂಗ್ ಕೊಟ್ಟರೆ ಎರಡು ವರ್ಷದ ವಿಸ್ತರಿತ ವಾರಂಟಿ, ಎಂಜಿನ್ನೂ ಗೇರ್ ಬಾಕ್ಸೂ ಕೆಟ್ಟರೆ ಕಂಪನಿಯದೇ ಜವಾಬ್ದಾರಿ.

ಹಣ ಸಮಿತಿಯದಾದ್ದರಿಂದ ಮುಂದಿನ ಭಾನುವಾರ ಸಮಿತಿಯ ಮುಂದೆಯೇ ಈ ಪ್ರಶ್ನೆ ಬಂತು. ಹಳೇ ಕಾರಿಗೆ ವಾರಂಟಿ ಬೇಕೇ, ಬೇಡವೇ? ಇಪ್ಪತ್ತಾರು ಜನ, ಒಂದು ಹಂಡೆ ಚಹಾ, ಎರಡೂವರೆ ಗಂಟೆ ವಾದ. ಕ್ರಿಸ್ಪಿನ್ ಬೇಡವೆಂದ. ಆ ಹಣವನ್ನು ಬೇರೆಯಾಗಿ ಎತ್ತಿಟ್ಟರೆ ಕೆಟ್ಟಾಗ ರಿಪೇರಿಗೆ ಆಗುತ್ತದೆ, ಕೆಡದಿದ್ದರೆ ನಮ್ಮಲ್ಲೇ ಉಳಿಯುತ್ತದೆ ಎನ್ನುವುದು ಅವನ ಲೆಕ್ಕ. ಅವನ ಸೋದರತ್ತೆ ವಾವುಡ, ಸಮಿತಿಯ ಖಜಾಂಚಿ, ಕನ್ನಡಕ ಮೂಗಿನ ತುದಿಗೆ ಇಳಿಸಿಯೇ ಮಾತಾಡುವವರು. ಅವರೆಂದರು, “ಜಪಾನಿನೋರು ಏಳು ವರ್ಷ ಓಡಿಸಿ ಸಾಕು ಅಂತ ಬಿಟ್ಟ ಕಾರಿಗೆ ಆ ಟೈ ಹುಡುಗ ಎರಡು ವರ್ಷ ಜಾಮೀನು ಕೊಡ್ತಾನಂತೆ. ಮೊದಲು ಅವನಿಗೆ ಜಾಮೀನು ಯಾರು ಕೊಡ್ತಾರೆ ಅಂತ ಕೇಳ್ರೋ.”

ಬೇಕೇ ಬೇಕು ಎಂದು ಹಟ ಹಿಡಿದವಳು ನಾನು. ಮೊಂಬಾಸಾದ ಬೋರ್ಡಿಂಗ್ ಶಾಲೆಯಲ್ಲಿ ಮೊದಲ ದಿನದಿಂದ ಇಂಗ್ಲಿಷಿನಲ್ಲೇ ಓದಿದವಳು, ಗದ್ಯಭಾಗ ಓದಿ ಅರ್ಥ ಹೇಳುವ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಪಡೆದವಳು. ಇಡೀ ಸಮಿತಿಗೆ ಆ ಕರಾರುಪತ್ರವನ್ನು ಅರ್ಥ ಮಾಡಿಸುವ ಹೆಮ್ಮೆ ನನಗೆ ಬೇಕಿತ್ತು. ಹದಿನಾಲ್ಕು ಪುಟದಲ್ಲಿ ಮೊದಲ ಮೂರನ್ನು ಗಟ್ಟಿಯಾಗಿ ಓದಿದೆ. ಉಳಿದ ಹನ್ನೊಂದನ್ನು ಪ್ರೀತಿಯಲ್ಲಿರುವ ಹೆಣ್ಣು ಹೇಗೆ ಓದುತ್ತಾಳೋ ಹಾಗೆ ಓದಿದೆ, ಅಂದರೆ ಓದಲಿಲ್ಲ; ವಾದ ಗೆದ್ದು ಸಹಿ ಹಾಕಿದೆ. ಹನ್ನೊಂದನೇ ಪುಟದಲ್ಲಿ ‘ಗ್ರಾಹಕರ ಕಡೆಯವರು ಬಳಸಿದ ಬಾಹ್ಯ ದ್ರವದಿಂದಾದ ಹಾನಿ’ ಎಂಬ ಮಾತಿತ್ತು. ಈಗ ಅದು ನನಗೆ ಬಾಯಿಪಾಠ.

ಮದುವೆಯ ಮರುದಿನ ಕ್ರಿಸ್ಪಿನ್‌ನ ತಾತ ಮ್ವಾಬಿಲಿ ಅವರು ಕಾರನ್ನು ಹರಸಿದರು. ಬದುಕಿಡೀ ಕೆಳಗಿನ ಕತ್ತಾಳೆ ತೋಟದಲ್ಲಿ ನಾರು ಬಿಡಿಸಿದ ಕೈ ಅವರದು, ಆದರೆ ಬೆಟ್ಟದ ನಾಲ್ಕು ಊರಿನವರು ಅವರಲ್ಲಿಗೆ ಬರುವುದು ಕುಟಾಸಕ್ಕೆ. ಬಾಯಿತುಂಬ ರಸ ತುಂಬಿಕೊಂಡು, ಹರಸುವವರ ಮೇಲೆ ತುಂತುರಾಗಿ ಊದಿ, ಒಳ್ಳೆಯ ಮಾತು ಹೇಳುವುದು ನಮ್ಮಲ್ಲಿ ಕುಟಾಸ. ಹಿಂದೆ ಹೆಂಡದಲ್ಲಿ ಮಾಡುತ್ತಿದ್ದರು. ತಾತ ಚರ್ಚಿಗೆ ಸೇರಿದ ಮೇಲೆ ಕಬ್ಬಿನ ರಸಕ್ಕೆ ಬಂದರು. ಅದಕ್ಕೆ ಒಂದೇ ಒಂದು ಕಟ್ಟಳೆ: ಊದುವವನ ಹೊಟ್ಟೆಯಲ್ಲಿ ಯಾರ ಮೇಲೂ ಸಿಟ್ಟು ಇರಬಾರದು. ಇದ್ದರೆ ಆ ಸಿಟ್ಟೂ ರಸದ ಜೊತೆ ಹೋಗಿ ತಾಗುತ್ತದೆ. ಹಾಗಾಗಿ ತಾತ ಮೊದಲು ತಮ್ಮ ಸಿಟ್ಟುಗಳನ್ನೆಲ್ಲ ಒಂದೊಂದಾಗಿ ಹೆಸರಿಟ್ಟು ಕರೆದು ಹೊರಗೆ ಕಳಿಸುತ್ತಾರೆ. ಅವತ್ತು ಪಕ್ಕದ ಮನೆಯ ಮೇಕೆಯಿಂದ ಹಿಡಿದು ಹೋದ ಚುನಾವಣೆಯವರೆಗೆ ಎಲ್ಲವನ್ನೂ ಕಳಿಸಿ, ಕಾರಿನ ಮುಂದೆ ನಿಂತು ನನ್ನನ್ನು ನೋಡಿದರು. “ಮಗಳೇ, ಅದರ ಎದೆ ತೆಗಿ. ಅಂಗಿಯ ಮೇಲೆ ಹರಸಿದರೆ ಏನು ಬಂತು?” ನಾನೇ ಓಡಿಹೋಗಿ ಬಾನೆಟ್ ಎತ್ತಿದೆ. ಎರಡು ಬಾಯಿ ರಸ, ಎಂಜಿನ್ನಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಅತ್ತೆ.

ಹತ್ತೊಂಬತ್ತನೇ ದಿನ, ಬೆಟ್ಟದ ಆರನೇ ತಿರುವಿನಲ್ಲಿ, ಗೇರ್ ಬಾಕ್ಸ್ ಒಂದು ಸಲ ನರಳಿ ಸುಮ್ಮನಾಯಿತು. ಎಂಜಿನ್ ಹಾಡುತ್ತಲೇ ಇತ್ತು, ಗಾಲಿ ಮಾತ್ರ ಕೇಳುತ್ತಿರಲಿಲ್ಲ. ಹಿಂದೆ ಜನ ತುಂಬಿಕೊಂಡು ಬರುತ್ತಿದ್ದ ಮತಾತು ವ್ಯಾನಿನ ಕಂಡಕ್ಟರ್ ತಲೆ ಹೊರಗೆ ಹಾಕಿ, “ಏನ್ ಮೇಷ್ಟ್ರೇ, ಹೆಂಡ್ತೀನ ಇಳಿಸಿ ತಳ್ಳಿಸೋ ಕಾಲ ಇಷ್ಟು ಬೇಗ ಬಂತಾ?” ಎಂದ. ವ್ಯಾನಿಗೆ ವ್ಯಾನೇ ನಕ್ಕಿತು. ನಾನೂ ನಕ್ಕೆ. ಯಾಕೆ ನಗಬಾರದು, ನಮ್ಮ ಹತ್ತಿರ ವಾರಂಟಿ ಇತ್ತಲ್ಲ.

ಕಂಪನಿಯ ತಪಾಸಣೆಯವನು ಅದಾದ ನಾಲ್ಕನೇ ದಿನ ಮನೆಗೆ ಬಂದ. ಕಾರಿನ ಕೆಳಗೆ ಬಗ್ಗಲಿಲ್ಲ, ಒಂದು ಸ್ಪ್ಯಾನರ್ ಹೊರತೆಗೆಯಲಿಲ್ಲ. ಬಾನೆಟ್ ಎತ್ತಿದ, ಮುಚ್ಚಳದ ಮೇಲೆ ಸಾಲುಗಟ್ಟಿದ್ದ ಇರುವೆಗಳನ್ನು ಕಂಡ, ಹನ್ನೆರಡು ಫೋಟೋ ತೆಗೆದ. ಇಲ್ಲಿ ಸಿಹಿ ಏನು ಬಿತ್ತು ಎಂದು ಕೇಳಿದ. ಜಗುಲಿಯಲ್ಲಿದ್ದ ತಾತ ಎದ್ದು ಬಂದು, ಎದೆ ಮುಂದೆ ಮಾಡಿ, ತಾವೇ ಊದಿದ್ದೆಂದು, ಯಾವ ಕಬ್ಬೆಂದು, ಯಾರ ಹೊಲದ್ದೆಂದು ವಿವರವಾಗಿ ಹೇಳಿದರು. ಮುಚ್ಚಿಡುವಂಥದ್ದು ಅದರಲ್ಲಿ ಏನಾದರೂ ಇದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಅವನು ಎಲ್ಲವನ್ನೂ ಬರೆದುಕೊಂಡು, ಕೊಟ್ಟ ಚಹಾ ಕುಡಿದು, ಹೋದ. ವಾರದ ಮೇಲೆ ಕಂಪನಿಯ ಪತ್ರ ಬಂತು: ಬಾಹ್ಯ ದ್ರವ, ಹನ್ನೊಂದನೇ ಪುಟ, ವಾರಂಟಿ ರದ್ದು.

ಕಂಪನಿ ಹೀಗೆ ಹೇಳಿದ್ದು ನನಗೆ ಆಶ್ಚರ್ಯವಲ್ಲ. ‘ಇಲ್ಲ’ ಎನ್ನುವುದೇ ಅವರ ವ್ಯಾಪಾರ. ಅದಕ್ಕೇ ಅಲ್ಲವೇ ನಿಮ್ಮ ಕಚೇರಿ ಇರುವುದು? ನಿಮಗೆ ಬರೆದೆ. ನೀವು ಏನು ಮಾಡಿದಿರಿ? ಯಾರನ್ನಾದರೂ ಕಳಿಸಿದಿರಾ? ಗೇರ್ ಬಾಕ್ಸ್ ಬಿಚ್ಚಿಸಿದಿರಾ? ಕಬ್ಬಿನ ರಸ ಎಲ್ಲಿ ಬಿತ್ತು, ಕೆಟ್ಟಿದ್ದು ಎಲ್ಲಿ ಎಂದು ಬೆರಳಿಟ್ಟು ನೋಡಿದಿರಾ? ಮೂರು ಸಾಲು ಬರೆದಿರಿ. “ಹಿರಿಯರೊಬ್ಬರು ಸುರಿದ ಸಕ್ಕರೆಯುಕ್ತ ದ್ರವದಿಂದಲೇ ವಾಹನಕ್ಕೆ ಹಾನಿಯಾಗಿರುವುದು ಕಂಡುಬಂದಿದೆ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.” ಕಂಡುಬಂದಿದೆಯಂತೆ. ಯಾರಿಗೆ ಕಂಡಿತು ಮಾನ್ಯರೇ? ಐದನೇ ಮಹಡಿಯ ಕಿಟಕಿಯಿಂದ ನಿಮಗೆ ನಮ್ಮ ಬೆಟ್ಟದ ಆರನೇ ತಿರುವು ಕಾಣುತ್ತದೆಯೇ?

ನಾವು ಕಾರನ್ನು ಎಳೆಸಿಕೊಂಡು ವೋಯಿಯ ಮೆಕ್ಯಾನಿಕ್ ಒಮಾರಿಯ ಗ್ಯಾರೇಜಿಗೆ ಹೋದೆವು. ಅವನು ಗೇರ್ ಬಾಕ್ಸಿನ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿದ. ಸುಟ್ಟ ಕಾಫಿಯ ಬಣ್ಣ, ತಳದಲ್ಲಿ ಕಬ್ಬಿಣದ ಪುಡಿ. ವರ್ಷಗಟ್ಟಲೆ ಯಾರೂ ಬದಲಿಸದ ಎಣ್ಣೆ ಎಂದ. ರಸದ ವಿಷಯ ಹೇಳಿದಾಗ ಗಡ್ಡ ಕೆರೆದುಕೊಂಡು ಯೋಚಿಸಿದ. “ಇದು ಸೀಲಾದ ಡಬ್ಬಿ ತಂಗಿ. ಮೇಲಿಂದ ಕಬ್ಬಿನ ರಸ ಒಳಗೆ ಹೋಗಬೇಕಾದ್ರೆ ಅದಕ್ಕೆ ಪಾಸ್‌ಪೋರ್ಟೂ ವೀಸಾನೂ ಬೇಕು.” ಆಮೇಲೆ ಚಾಲಕನ ಬಾಗಿಲು ತೆಗೆದು, ಅದರ ಒಳ ಅಂಚಿನಲ್ಲಿ ಅಂಟಿದ್ದ ಒಂದು ಚಿಕ್ಕ ಚೀಟಿ ತೋರಿಸಿದ. ಕೊನೆಯ ಸರ್ವಿಸ್ ಮಾಡಿದವರು ಅಂಟಿಸಿದ್ದು. ಜಪಾನಿ ಅಕ್ಷರ ನನಗೆ ಬಾರದು, ಅಂಕಿ ಎಲ್ಲರಿಗೂ ಬರುತ್ತದೆ. ಒಂದು ಲಕ್ಷ ಮೂವತ್ತೆಂಟು ಸಾವಿರ. ಮೀಟರಿನಲ್ಲಿ ಎಪ್ಪತ್ತೊಂದು. ನಮ್ಮ ಕಾರು ಸಮುದ್ರದ ಮೇಲೆ ಬರುತ್ತ ಬರುತ್ತ ಅರ್ಧ ವಯಸ್ಸು ಕಳೆದುಕೊಂಡಿತ್ತು. ಆ ಗಾಳಿ ತಮಗೂ ಎಲ್ಲಿ ಸಿಗುತ್ತದೆ ಎಂದು ವಾವುಡ ಅತ್ತೆ ವಿಚಾರಿಸುತ್ತಿದ್ದಾರೆ.

ಚೀಟಿಯ ಫೋಟೋ, ಎಣ್ಣೆಯ ಫೋಟೋ, ಒಮಾರಿಯ ಹೇಳಿಕೆ, ಎಲ್ಲವನ್ನೂ ಸೇರಿಸಿ ಮತ್ತೆರಡು ಸಲ ಬರೆದೆ. ಮುಕ್ತಾಯಗೊಂಡ ಕಡತವನ್ನು ತೆರೆಯುವ ಪದ್ಧತಿ ಇಲ್ಲವೆಂದು ನಿಮ್ಮ ಗುಮಾಸ್ತರು ಫೋನಿನಲ್ಲಿ ಹೇಳಿದರು. ದಂಪತಿಗಳು ಶನಿವಾರದವರಾದರೂ ಪರವಾಗಿಲ್ಲ, ಪದ್ಧತಿ ಉಳಿಯಬೇಕು.

ಇಷ್ಟೇ ಆಗಿದ್ದರೆ ಹೋಗಲಿ ಎನ್ನುತ್ತಿದ್ದೆ. ಸುಖವಾಗಿರುವ ಹೆಂಗಸು ನಾನು, ಮತಾತು ವ್ಯಾನಿನಲ್ಲಿ ನಿಂತೇ ಬೆಟ್ಟ ಹತ್ತಬಲ್ಲೆ. ಆದರೆ ನಿಮ್ಮ ಪತ್ರ ಬಂದ ದಿನ ತಾತ ಅದನ್ನು ಓದಿ ಹೇಳೆಂದರು. ನಾನು, ಬಹುಮಾನ ಪಡೆದವಳು, ಓದಿ ಅರ್ಥ ಹೇಳಿದೆ. ಕಂಪನಿಯ ಪತ್ರವನ್ನು ಅವರು ನಂಬಿರಲಿಲ್ಲ, ಅದು ವ್ಯಾಪಾರಿಯ ಮಾತು. ನಿಮ್ಮದರ ಮೇಲೆ ಸರ್ಕಾರದ ಮುದ್ರೆ ಇತ್ತು. ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಕಾಗದ ಮಡಚುತ್ತ ಅಂದರು, “ಹಾಗಾದರೆ ಎಲ್ಲೋ ಒಂದು ಸಿಟ್ಟು ಒಳಗೇ ಉಳಿದಿತ್ತು ಮಗಳೇ. ನನಗೇ ಕಾಣಲಿಲ್ಲ. ಈ ಕ್ರಿಸ್ಪಿನ್ ಬೆಟ್ಟದ ಹೊಲ ಬಿಟ್ಟು ಕಾರು ಹತ್ತಿದನಲ್ಲ ಅನ್ನೋ ಸಿಟ್ಟೇ ಇರಬೇಕು.”

ಹಾಗಲ್ಲ ಎಂದು ಕ್ರಿಸ್ಪಿನ್ ಹೇಳಿದ, ನಾನು ಹೇಳಿದೆ, ಒಮಾರಿ ಕೆಲಸ ಬಿಟ್ಟು ಬೆಟ್ಟ ಹತ್ತಿ ಬಂದು ಎಣ್ಣೆಯ ತಟ್ಟೆ ತೋರಿಸಿದ. ಅವರು ತಲೆಯಾಡಿಸಿದರು, ಆಮೇಲೆ ಮುದ್ರೆಯತ್ತ ಬೆರಳು ತೋರಿಸಿದರು. ಆ ದಿನದಿಂದ ಅವರು ಯಾರಿಗೂ ಕುಟಾಸ ಮಾಡಿಲ್ಲ. ಬಿತ್ತನೆಗೆ ಮೊದಲು ಬೀಜ ಹರಸಿಕೊಳ್ಳಲು ಬಂದವರನ್ನು ವಾಪಸ್ಸು ಕಳಿಸಿದರು. ಕ್ರಿಸ್ಪಿನ್‌ನ ಅಕ್ಕನ ಮಗುವಿಗೆ ಮೂರು ವಾರವಾಯಿತು. ಎತ್ತಿಕೊಳ್ಳುತ್ತಾರೆ, ಆಡಿಸುತ್ತಾರೆ, ರಸದ ಬಟ್ಟಲು ತಂದಿಟ್ಟರೆ ಮುಖ ತಿರುಗಿಸುತ್ತಾರೆ. ತಮ್ಮ ಬಾಯಲ್ಲಿ ವಿಷವಿದೆ ಎಂದು ಅವರು ನಂಬಿದ್ದಾರೆ. ಅವರಿಗೆ ಅದನ್ನು ನಂಬಿಸಿದ್ದು ನೀವು.

ಹಳೇ ಕಾರಿಗೆ ವಾರಂಟಿ ತೆಗೆದುಕೊಳ್ಳಬೇಕೇ ಎಂದು ಈಗ ಔಷಧಿ ಅಂಗಡಿಗೆ ಬರುವವರೆಲ್ಲ ನನ್ನನ್ನು ಕೇಳುತ್ತಾರೆ. ನಾನು ಹೇಳುವುದು ಇಷ್ಟು. ಮೊದಲು ನಿಮ್ಮದೇ ಮೆಕ್ಯಾನಿಕ್ಕಿಗೆ ಕಾರು ತೋರಿಸಿ, ಬಾಗಿಲಿನ ಒಳ ಅಂಚು ನೋಡಿ, ಕೊನೆಯ ಪುಟದಿಂದ ಹಿಂದಕ್ಕೆ ಓದಿ. ಅಷ್ಟಾದ ಮೇಲೂ ಆ ಕಾಗದಕ್ಕೆ ಬೆಲೆ ಬರುವುದು ಒಂದೇ ಕಾರಣಕ್ಕೆ: ಕಂಪನಿ ‘ಇಲ್ಲ’ ಎಂದಾಗ ‘ಯಾಕಪ್ಪಾ?’ ಎಂದು ಕೇಳುವ ಒಬ್ಬ ಅಧಿಕಾರಿ ಎಲ್ಲೋ ಒಂದು ಕುರ್ಚಿಯಲ್ಲಿ ಕೂತಿರಬೇಕು. ಆ ಕುರ್ಚಿಯಲ್ಲಿ ಕೂತಿರುವುದು ನೀವು. ನೀವು ಕೇಳುವುದಿಲ್ಲವಾದರೆ ಕ್ರಿಸ್ಪಿನ್ ಹೇಳಿದ್ದೇ ಸರಿ, ಹಣವನ್ನು ಡಬ್ಬಿಯಲ್ಲಿ ಹಾಕಿಡಿ ಎಂದು ನಾಡಿಗೆಲ್ಲ ಸಾರುತ್ತೇನೆ. ಗಂಡ ಹೇಳಿದ್ದೇ ಸರಿಯೆಂದು ಬಹಿರಂಗವಾಗಿ ಒಪ್ಪಿಕೊಳ್ಳುವುದು ಐವತ್ತಮೂರನೇ ದಿನಕ್ಕೇ ಎಷ್ಟು ಕಷ್ಟ ಎಂದು ನಿಮಗೆ ತಿಳಿಯದು.

ನನ್ನ ಬೇಡಿಕೆ ಎರಡು. ಸ್ಪ್ಯಾನರ್ ಹಿಡಿಯಲು ಬರುವ ಒಬ್ಬರನ್ನು ಕಳಿಸಿ ಆ ಗೇರ್ ಬಾಕ್ಸ್ ನೋಡಿಸಿ, ಕಡತ ತೆರೆಯಿರಿ. ಅದು ತಡವಾದರೂ ನಾನು ಕಾಯುತ್ತೇನೆ. ಎರಡನೆಯದಕ್ಕೆ ಕಾಯುವುದಿಲ್ಲ. ಅದೇ ಕಾಗದ, ಅದೇ ಮುದ್ರೆ, ಮೇಲೆ ಮ್ವಾಬಿಲಿ ಅವರ ಪೂರ್ತಿ ಹೆಸರು: ‘ನೀವು ಊದಿದ ರಸದಿಂದ ಕಾರು ಕೆಟ್ಟಿಲ್ಲ. ನೋಡದೆ ಬರೆದದ್ದು ನಮ್ಮ ತಪ್ಪು.’ ಒಂದೂವರೆ ಸಾಲು. ನಿಮ್ಮ ಹಿಂದಿನ ಪತ್ರಕ್ಕಿಂತ ಗಿಡ್ಡ.

ಅಂಚೆಗೆ ಹಾಕಬೇಡಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ. ಎಣ್ಣೆಯ ಬಾಟಲಿ ತರುತ್ತೇನೆ, ಕಾರಿನ ಬಾಗಿಲನ್ನೇ ಬಿಚ್ಚಿ ತರುತ್ತೇನೆ, ಒಮಾರಿ ಆಗಲೇ ಸ್ಕ್ರೂ ಸಡಿಲಿಸಿದ್ದಾನೆ. ತಾತನನ್ನೂ ಕರೆತರುತ್ತೇನೆ. ಬರುವುದಿಲ್ಲ ಎಂದಿದ್ದರು, ನಿನ್ನೆ ಕೋಟು ಬಿಸಿಲಿಗೆ ಹಾಕಿದ್ದನ್ನು ಕಂಡೆ. ಚೀಲದಲ್ಲಿ ಒಂದು ಬಾಟಲಿ ಕಬ್ಬಿನ ರಸವೂ ಇರುತ್ತದೆ. ನೀವು ಮುದ್ರೆ ಒತ್ತಿದ ಮೇಲೆ ಅವರಿಗೆ ಬಾಯಿ ತೆರೆಯುವ ಮನಸ್ಸಾದರೆ, ಮೊದಲ ಕುಟಾಸ ನಿಮ್ಮ ಮೇಜಿಗೇ ಆಗಲಿ. ಹೆದರಬೇಡಿ, ಕಂಪ್ಯೂಟರಿನ ಮೇಲೊಂದು ಬಟ್ಟೆ ಮುಚ್ಚಿಡಿ.

ಇಂತಿ,
ಮೂರು ಪುಟ ಓದಿ ಹದಿನಾಲ್ಕಕ್ಕೆ ಸಹಿ ಹಾಕಿದ, ಬಾನೆಟ್ ತಾನೇ ಎತ್ತಿಕೊಟ್ಟ,
ಶ್ರೀಮತಿ (ಹೀಗೆ ಬರೆಯಲು ಇನ್ನೂ ಖುಷಿಯಾಗುತ್ತದೆ) ಫೆಲಿಸ್ಟಾ ಮ್ಕಾಂಬುರಿ ಮ್ವಾದಿಮೆ

ಬರುವ ಗುರುವಾರ, ಮೊಂಬಾಸಾದಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ಎಲ್ಲ ಊರಲ್ಲೂ ನಿಂತು ನೈರೋಬಿಗೆ ಬರುವ ರೈಲು. ನಾವು ವೋಯಿಯಲ್ಲಿ ಹತ್ತುತ್ತೇವೆ.