ಬಾಗಿಲಿಗೆ ಮುಖ ಮಾಡಿದ ಶೂ

ರೀ,

ಮೀನಂಗಡಿ ಕೆಲಸಕ್ಕೆ ಹೊರಟೆ. ಮಿಸೋ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಬಟ್ಟಲನ್ನು ಆ ಸೋತ ಎಡಗೈಯಲ್ಲೇ ಹಿಡಿಯಬೇಕಂತೆ. ನನ್ನ ಮಾತಲ್ಲ, ನಿಮ್ಮ ಫಿಸಿಯೋ ಕುವಬಾರಾ ಅವರದು.

ಅವರು ಹತ್ತಕ್ಕೆ ಬರುತ್ತಾರೆ. ಬುಟ್ಟಿಯಿಂದ ಎರಡು ಪರ್ಸಿಮನ್ ಹಣ್ಣು ಕೊಡಿ. ಉಳಿದದ್ದು ನನ್ನ ತಂಗಿಗೆ, ಮುಟ್ಟಬೇಡಿ.

ನಿಮಗೆ ಲಕ್ವ ಹೊಡೆದಾಗಿನಿಂದ ನಿಮ್ಮ ಶೂ ಬಿಚ್ಚಿ, ಮತ್ತೆ ಹೊರಡುವಾಗ ಕಾಲಿಗೆ ಸಿಗಲೆಂದು ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದವಳು ನಾನು. ಅದನ್ನು ನೋಡಿ ಕುವಬಾರಾ ಅವರು, "ಅಮ್ಮಾ, ನೀವು ಕೈಕಟ್ಕೊಂಡು ನಿಂತ್ಕೊಳ್ಳಿ. ಅವರೇ ಬಗ್ಗಲಿ," ಅಂದುಬಿಟ್ಟರು. ಮೈಯೆಲ್ಲಾ ಉರಿದಿತ್ತು ನನಗೆ. ಬಿದ್ದರೆ ಎತ್ತುವವಳು ನಾನು ತಾನೆ?

ಇಷ್ಟು ಬರೆದಿಟ್ಟು ಬಾಗಿಲಿಗೆ ಹೋದವಳು ವಾಪಸ್ ಬಂದೆ. ನಿನ್ನೆ ಸುಸ್ತಾಗಿ ಬಂದು ನನ್ನ ಶೂ ಕಳಚಿದಲ್ಲೇ ಬಿಟ್ಟಿದ್ದೆ, ಒಂದು ಅತ್ತ, ಒಂದು ಇತ್ತ. ಈಗ ನೋಡಿದರೆ ಎರಡೂ ಜೋಡಿಯಾಗಿ ಬಾಗಿಲಿಗೆ ಮುಖ ಮಾಡಿ ಕೂತಿವೆ. ಈ ಮನೆಯಲ್ಲಿರುವುದು ನಾವಿಬ್ಬರೇ.

ನೀವೋ ಗೊರಕೆ ಹೊಡೆಯುತ್ತಿದ್ದೀರಿ. ಕಳ್ಳನಿದ್ದೆಯೋ ಏನೋ.

ಬಸ್ಸು ತಪ್ಪಿತು, ಹೋಗಲಿ. ಕುವಬಾರಾ ಅವರಿಗೆ ಬುಟ್ಟಿ ಸಮೇತ ಕೊಟ್ಟುಬಿಡಿ. ತಂಗಿಗೆ ನಾನು ಹೇಳಿಕೊಳ್ಳುತ್ತೇನೆ.

ಸೆತ್ಸುಕೊ